ಮೂರು ಜೀವಕ್ಕೆ ಎರಡು ಜೀವದ ಅಳತೆ

ಬಸುರಿಯನ್ನು ‘ಎರಡು ಜೀವದವಳು’ ಎಂದು ಕರೆಯುವುದು ನಮ್ಮ ನಾಡಿನ ವಾಡಿಕೆ. ಗರ್ಭದಲ್ಲಿ ಅವಳಿಗಳಿದ್ದರೆ ಆಕೆ ಮೂರು ಜೀವದವಳಾದಳು. ಆದರೂ ಆಕೆಯ ಮೈತೂಕವನ್ನು ಪರಿಶೀಲಿಸುವಾಗ ಎರಡು ಜೀವದ ಲೆಕ್ಕವನ್ನೇ ಹಿಡಿಯುವ ಸಂಭವವುಂಟು. ಈ ವಿಷಯದ ಕಡೆಗೆ ಅಧಿಕಾರಿವರ್ಗದವರ ಮತ್ತು ವಾಚಕ ಮಹಾಶಯರ ಗಮನವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಗ್ರಾಮದ ದಾದಿಯರಿಗಾಗಿ ಕೇಂದ್ರ ಸರಕಾರವು 2010ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ಬಸುರಿನ ಕಾಲದಲ್ಲಿ 9ರಿಂದ 11 ಕಿಲೋ ತೂಕವೇರಬೇಕೆಂದು ಹೇಳುತ್ತದೆ. ಇದು ಒಂದು ಶಿಶುವಿನ ಲೆಕ್ಕ. ಅವಳಿಗಳ ತಾಯಿಯು ಸಾಧಾರಣ ಮೈಕಟ್ಟಿನವಳಾದರೆ 17ರಿಂದ 25 ಕಿಲೋ ಏರಬೇಕೆಂದು ಅಮೇರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಸಂಸ್ಥೆಯು 2009ರಲ್ಲಿ ಗೊತ್ತುಪಡಿಸಿತು. ಹೀಗಿರಲು, 10 ಕಿಲೋ ಏರಿದ ಅವಳಿ ಬಸುರಿಗೆ ‘ಎಲ್ಲವೂ ಕ್ಷೇಮ’ವೆಂದು ಹೇಳಿ ಕಳುಹಿಸುವುದು ಎಷ್ಟರಮಟ್ಟಿಗೆ ಸರಿ? ಅವಳಿ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ತಾಯಿಯ ತೂಕ ಸಾಲದಿದ್ದರೆ ಈ ಅಪಾಯವು ಇನ್ನೂ ಹೆಚ್ಚುತ್ತದೆ.

ಹಾಗೆಂದು ಅಮೇರಿಕದ ಅಂಕಿಯನ್ನು ಕಣ್ಣುಮುಚ್ಚಿ ಒಪ್ಪಬೇಕೆಂಬುದು ನಮ್ಮ ವಾದವಲ್ಲ. ಚೀನದೇಶದವರು ಹಾಗೆ ಒಪ್ಪಲಿಲ್ಲ. ಒಂದು ಶಿಶುವಿನ ಬಸುರಿಗೆ ಅಮೇರಿಕದವರು 11.5ರಿಂದ 16 ಕಿಲೋ ಎಂದಲ್ಲಿ, ಚೀನ ಸರಕಾರವು ತನ್ನ ಸ್ತ್ರೀಯರ ಮೈಕಟ್ಟಿಗೆ ಅನುಸಾರವಾಗಿ 8ರಿಂದ 14 ಕಿಲೋ ಎಂದು 2022ರಲ್ಲಿ ವಿಧಿಸಿತು. ಅವಳಿ ಬಸುರಿನ ಲೆಕ್ಕವನ್ನೂ ಅಲ್ಲಿನ ವೈದ್ಯರು ತಮ್ಮ ಆಸ್ಪತ್ರೆಗಳ ದಾಖಲೆಗಳಿಂದಲೇ ಪರೀಕ್ಷಿಸುತ್ತ ಬಂದಿದ್ದಾರೆ. ನಮಗೆ ಇಂತಹ ಪ್ರಯತ್ನವು ಇನ್ನಷ್ಟು ಅಗತ್ಯ. ಏಕೆಂದರೆ ಕೃಶಾಂಗಿಯರಾದ ಅವಳಿ ಬಸುರಿಯರಿಗೆ ಎಷ್ಟು ತೂಕವೆಂಬುದನ್ನು, ಮಾಹಿತಿ ಸಾಲದೆಂಬ ಕಾರಣದಿಂದ, ಆ ಅಮೇರಿಕದ ಸಂಸ್ಥೆಯು ಹೇಳದೆಯೇ ಬಿಟ್ಟಿತು. ನಮ್ಮ ಹಳ್ಳಿಗಳಲ್ಲಿ ಅಂತಹ ತಾಯಂದಿರು ವಿರಳರೆ?

ಘಟ್ಟದ ಬುಡದಲ್ಲಿರುವ ಕುಂದಾಪುರ ತಾಲೂಕಿನ ಅಮಾಸೆಬೈಲನ್ನೇ ನೋಡೋಣ. ಇಂತಹ ಊರುಗಳಲ್ಲಿ ಮನೆಗಳು ತೋಟ ಗುಡ್ಡಗಳ ನಡುವೆ ಚದರಿಕೊಂಡಿರುತ್ತವೆ. ಮಳೆಗಾಲದಲ್ಲಿ ತೋಡುಗಳು ತುಂಬಿ ಹರಿಯುತ್ತವೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಬಸುರಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟವನ್ನು ಏರ್ಪಡಿಸಿದ್ದು ಸ್ತುತ್ಯವೇ ಸರಿ. ಆದರೆ ಏಳು ತಿಂಗಳ ಅವಳಿ ಬಸುರಿಯು ಒಂದು ಊಟಕ್ಕಾಗಿ ಜಾರುವ ಕಾಲುಸಂಕವನ್ನು ದಾಟಬೇಕೆ? ಮನೆಮನೆಗೆ ಸೌರದೀಪವನ್ನು ಮುಟ್ಟಿಸಿ ಹೆಸರು ಪಡೆದ ಗ್ರಾಮವಿದು. ದೀಪ ಮುಟ್ಟಿದ ಮನೆಗೆ ಊಟವೂ ಮುಟ್ಟಲಾರದೆ?

ದೋಷವು ಸರಕಾರದ್ದು ಮಾತ್ರವಲ್ಲ. ಹೆಚ್ಚು ಉಂಡರೆ ಹೊಟ್ಟೆಯಲ್ಲಿ ಕೂಸಿಗೆ ಎಡೆ ಸಾಲದು, ಕೂಸು ದೊಡ್ಡದಾದರೆ ಹೆರಿಗೆ ಕಷ್ಟವೆಂಬ ನಂಬಿಕೆಯು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಳಕೆಯಲ್ಲಿದ್ದುದನ್ನು ಮಾರ್ಕ್ ಮತ್ತು ಮಿಮಿ ನಿಕ್ಟರ್ ದಂಪತಿಗಳು 1983ರಲ್ಲೇ ಬರೆದು ಪ್ರಕಟಿಸಿದರು. ಈ ಭೀತಿಯಿಂದ ಗಂಜಿಯ ಬಟ್ಟಲನ್ನು ಅರ್ಧಕ್ಕೆ ಇಳಿಸಿದರೆ ನಷ್ಟವು ಎರಡು ಕೂಸುಗಳಿಗೆ. ಕುಚ್ಚಲಕ್ಕಿ, ಹೆಸರು, ಹುರುಳಿ, ಮೊಟ್ಟೆ, ಮೀನು, ಬಸಳೆ, ಇವು ನಮ್ಮ ನೆಲದವೇ. ಇವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡಬಹುದು. ಆದರೆ ತೂಕವು ಒಮ್ಮೆಲೇ ಏರಿ ಮುಖ ಕೈಗಳು ಬಾತರೆ ಅದು ಪುಷ್ಟಿಯಲ್ಲ, ರಕ್ತದೊತ್ತಡದ ಸೂಚನೆಯಿರಬಹುದು. ತತ್‌ಕ್ಷಣ ವೈದ್ಯರಲ್ಲಿಗೆ ಹೋಗತಕ್ಕದ್ದು.

ನಮ್ಮ ಬೇಡಿಕೆಗಳು ಅಲ್ಪ. ತಾಯಿ ಕಾರ್ಡಿನಲ್ಲಿ ‘ಅವಳಿ’ ಎಂದು ಎದ್ದು ಕಾಣುವಂತೆ ಬರೆಯಲಿ. ಆಕೆಯ ತೂಕವನ್ನು ತಪ್ಪದೆ ತೂಗಿ ಬೇರೆಯೇ ಲೆಕ್ಕದಿಂದ ಪರಿಶೀಲಿಸಲಿ. ಮಳೆಗಾಲದಲ್ಲಿ ಊಟವನ್ನು ಮನೆಗೆ ಕಳುಹಿಸಲಿ. ಮಣಿಪಾಲ, ಮಂಗಳೂರುಗಳ ವೈದ್ಯಕೀಯ ಕಾಲೇಜುಗಳು ಕನ್ನಡ ನಾಡಿನ ಅವಳಿ ತಾಯಂದಿರ ತೂಕದ ದಾಖಲೆಗಳನ್ನು ಒಟ್ಟುಗೂಡಿಸಿ ನಮ್ಮದೇ ಆದ ಅಳತೆಯನ್ನು ಸಿದ್ಧಗೊಳಿಸಲಿ. ಪರರ ತಕ್ಕಡಿಯಲ್ಲಿ ನಮ್ಮ ತಾಯಂದಿರನ್ನು ಎಷ್ಟು ಕಾಲ ತೂಗುತ್ತಿರಬೇಕು?