ಕನಕನ ತಕರಾರು, ಪಿ.ಬಿ.ಎಸ್. ದನಿ

ಕಾಗಿನೆಲೆ ಇರುವುದು ಬ್ಯಾಡಗಿ ತಾಲ್ಲೂಕಿನಲ್ಲಿ. ಆದರೆ ಆ ಊರಿನ ದೇವರ ಅಂಕಿತವಿರುವ ಅತ್ಯಂತ ಜನಪ್ರಿಯ ಹಾಡು ಕಿವಿಗೆ ಬಿದ್ದೊಡನೆ ಎಲ್ಲರ ಕಣ್ಣೆದುರು ಬರುವುದು ಉಡುಪಿ. 1960ರ ‘ಭಕ್ತ ಕನಕದಾಸ’ ಚಿತ್ರದ ‘ಬಾಗಿಲನು ತೆರೆದು’ ಮಾಡಿದ ಮೋಡಿ ಅದು. ಗುಡಿಯ ಹೊರಗೆ ನಿಂತ ರಾಜ್‌ಕುಮಾರ್, ಬಿರುಕು ಬಿಡುವ ಗೋಡೆ, ಆ ಸಂದಿನಲ್ಲಿ ದರ್ಶನ ಕೊಡುವ ಕೃಷ್ಣ. ಹಾವೇರಿ, ರಾಣೇಬೆನ್ನೂರು ಕಡೆಯ ಎಷ್ಟೋ ಹಿರಿಯರಿಗೆ ಇಂದಿಗೂ ಕನಕದಾಸರೆಂದರೆ ರಾಜ್‌ಕುಮಾರರ ಮುಖ, ಪಿ.ಬಿ. ಶ್ರೀನಿವಾಸರ ದನಿ.

ಏಕೀಕರಣವಾಗಿ ಆಗ ನಾಲ್ಕೇ ವರ್ಷ. ಹಾವೇರಿ ಇನ್ನೂ ಧಾರವಾಡ ಜಿಲ್ಲೆಯೊಳಗಿತ್ತು. ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ದಾಸರ ಪಾತ್ರವನ್ನು ಗಾಜನೂರಿನ ನಟ ವಹಿಸಿದರು, ಕಾಕಿನಾಡದಲ್ಲಿ ಹುಟ್ಟಿದ ಗಾಯಕ ಹಾಡಿದರು. ನಿರ್ದೇಶನ ವೈ.ಆರ್. ಸ್ವಾಮಿ, ಸಂಗೀತ ಎಂ. ವೆಂಕಟರಾಜು. ಈ ಚಿತ್ರದ ನಂತರ ಪಿ.ಬಿ.ಎಸ್. ಮತ್ತು ರಾಜ್ ಬೇರೆ ಬೇರೆ ಎನ್ನಿಸದಷ್ಟು ಒಂದಾದರು.

ಹಾಡನ್ನು ಭಕ್ತನ ಮೊರೆ ಎಂದು ಕೇಳಿಸಿಕೊಳ್ಳುವುದು ರೂಢಿ. ಸಾಹಿತ್ಯಕ್ಕೆ ಕಿವಿಗೊಟ್ಟರೆ ಬೇರೆಯೇ ಕಥೆ. ಹಾಲುಗಡಲಲ್ಲಿ ಹಾವಿನ ಹಾಸಿಗೆ ಮೇಲಿದ್ದಾಗ ಆನೆ ಕರೆಯಿತೆಂದು ಓಡಿಹೋದವನು ನೀನು, ಪ್ರಹ್ಲಾದನಿಗಾಗಿ ಕಂಬದಿಂದ ಹೊರಬಂದವನು, ದ್ರೌಪದಿಗೆ ಮುಗಿಯದ ಸೀರೆ ಕೊಟ್ಟವನು, ಅಜಾಮಿಳನನ್ನೂ ಕೈಬಿಡದವನು. ನನ್ನ ಸರದಿ ಬಂದಾಗ ಮಾತ್ರ ಹೊತ್ತುಗೊತ್ತು ನೋಡುತ್ತೀಯಾ? ಕನಕ ಕೇಳುತ್ತಿರುವುದು ಇದನ್ನೇ. ಹಳೆಯ ದಾಖಲೆಗಳನ್ನೆಲ್ಲ ದೇವರ ಮುಂದೆ ಹರವಿಟ್ಟು ಹೂಡಿದ ತಕರಾರು ಇದು. ದಾಸನಾಗುವ ಮೊದಲು ತಿಮ್ಮಪ್ಪನಾಯಕನಾಗಿ ದಂಡು ಕಟ್ಟಿದ ಮನುಷ್ಯನ ಬಾಯಿಗೆ ಒಪ್ಪುವ ಮಾತು.

ಪಿ.ಬಿ.ಎಸ್. ದೊಡ್ಡತನ ಇರುವುದು ಇಲ್ಲೇ. ಕಂಪನಿ ನಾಟಕಗಳ ಏರುದನಿಗೆ ಜನ ಇನ್ನೂ ಒಗ್ಗಿಕೊಂಡಿದ್ದ ಕಾಲದಲ್ಲಿ ಅವರು ದನಿ ಎತ್ತರಿಸಲಿಲ್ಲ, ಬಿಕ್ಕಳಿಸಲೂ ಇಲ್ಲ. ನ್ಯಾಯ ತನ್ನ ಕಡೆಗಿದೆ ಎಂದು ಗೊತ್ತಿದ್ದವನು ಮಾತಾಡುವ ಹಾಗೆ, ಒಂದೊಂದು ಪದಕ್ಕೂ ಜಾಗ ಬಿಟ್ಟು ಹಾಡಿದರು. ಈಗಿನ ಟಿ.ವಿ. ಸ್ಪರ್ಧೆಗಳಲ್ಲೂ ಗಣೇಶೋತ್ಸವದ ರಸಮಂಜರಿಗಳಲ್ಲೂ ಇದೇ ಹಾಡು ಬಂದರೆ ಗಾಯಕರು ಕಣ್ಣೀರು ಸುರಿಸಿಯೇ ತೀರುತ್ತಾರೆ. ಎಕೋ ಬೇರೆ ಜೋರು. ತಕರಾರು ಕೊಚ್ಚಿಹೋಗಿ ಅಳು ಮಾತ್ರ ಉಳಿಯುತ್ತದೆ.

ಇನ್ನೊಂದು ಸಂಗತಿ ಹಾವೇರಿ ಜಿಲ್ಲೆಯವರಿಗೇ ಮರೆತಂತಿದೆ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ನೆಲೆಗೊಳಿಸಿದವರೇ ಕನಕದಾಸರು ಎಂಬುದು ಪ್ರತೀತಿ. ಅಂದ ಮೇಲೆ ಅಲ್ಲಿ ಅವರು ಬಾಗಿಲು ತಟ್ಟುವ ಪ್ರಶ್ನೆಯೇ ಇರಲಿಲ್ಲ. ಕಥೆಯ ಪ್ರಕಾರ ಬಾಗಿಲು ಮುಚ್ಚಿದ್ದು ಉಡುಪಿಯಲ್ಲಿ. ಅಲ್ಲಿ ನಿಂತು ಹಾಡಿದರೂ ಕೀರ್ತನೆಯ ಕೊನೆಗೆ ಅವರು ಹೆಸರು ಹಿಡಿದು ಕರೆದದ್ದು ತಮ್ಮೂರಿನ ದೇವರನ್ನು. ಉಡುಪಿಯ ಗೋಡೆಯ ಆ ಬಿರುಕನ್ನು, ಅಂದರೆ ಕನಕನ ಕಿಂಡಿಯನ್ನು, ನೋಡಲು ಬಸ್ಸು ಹತ್ತುವವರು ಹೋಗುವ ಮೊದಲು ಕಾಗಿನೆಲೆಗೊಮ್ಮೆ ಬಂದರೆ ಹಾಡಿನ ಅರ್ಧ ಕಥೆ ಇಲ್ಲೇ ಸಿಗುತ್ತದೆ.

ಕನಕದಾಸರ ಹೆಸರಿಡುವುದರಲ್ಲಿ ಜಿಲ್ಲೆ ಹಿಂದೆ ಬಿದ್ದಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ ನಡೆದ 86ನೇ ಸಾಹಿತ್ಯ ಸಮ್ಮೇಳನದ ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞ ಮೂವರ ಹೆಸರೂ ಇತ್ತು. ಅಧ್ಯಕ್ಷರಾಗಿದ್ದವರು ಚಿತ್ರಗೀತೆಗಳನ್ನೂ ಬರೆದ ದೊಡ್ಡರಂಗೇಗೌಡರು. ಹಾಡಿಸುವುದರಲ್ಲಿ ಅಷ್ಟೇ ಉಮೇದು ಕಾಣುವುದಿಲ್ಲ. ಕನಕ ಜಯಂತಿಯಂದು ಮೆರವಣಿಗೆ, ಡೊಳ್ಳು, ಭಾಷಣ ಎಲ್ಲ ಆಗುತ್ತದೆ. ಹಾಡು ಮಾತ್ರ ಸ್ಪೀಕರಿನಿಂದ, ಅದೇ 1960ರ ಧ್ವನಿಮುದ್ರಿಕೆಯಿಂದ.

ಆ ಮುದ್ರಿಕೆ ಇರಲಿ, ಅದನ್ನು ಮೀರಿಸುವುದು ಕಷ್ಟವೇ. ಆದರೆ ಸಿನಿಮಾ ಧಾಟಿಯೇ ಕನಕದಾಸರ ಕಾಲದ್ದು ಎಂದು ಮಕ್ಕಳು ನಂಬುವಂತಾಗಬಾರದು. ಹಳ್ಳಿಗಳ ಭಜನಾ ಮಂಡಳಿಗಳು ಹಾರ್ಮೋನಿಯಂ, ತಾಳದೊಂದಿಗೆ ದಾಸರ ಪದಗಳಿಗೆ ತಮ್ಮವೇ ಧಾಟಿ ಕೂಡಿಸಿಕೊಂಡು ಬಂದಿವೆ. ಜಯಂತಿಯ ದಿನ ಬ್ಯಾಡಗಿ, ರಾಣೇಬೆನ್ನೂರು, ಹಾವೇರಿ ತಾಲ್ಲೂಕುಗಳ ಮಂಡಳಿಗಳನ್ನು ಕಾಗಿನೆಲೆಗೆ ಕರೆಸಿ, ಈ ಒಂದೇ ಕೀರ್ತನೆಯನ್ನು ಒಬ್ಬೊಬ್ಬರೂ ತಮ್ಮ ಧಾಟಿಯಲ್ಲಿ ಹಾಡಲೆಂದು ಬಿಡಬಹುದು. ಖರ್ಚೆಂದರೆ ಬಸ್ ಚಾರ್ಜು, ಮಧ್ಯಾಹ್ನದ ಊಟ. ಭಾಷಣಗಳಿಂದ ಒಂದು ತಾಸು ಕಡಿತ ಮಾಡಿದರೆ ಸಮಯವೂ ಸಿಗುತ್ತದೆ.