ಆಯ್ಕೆಯಾಗದವರ ಅನುಭವವೂ ಬೇಕು

‘ಆಮೇಲೆ ತಿಳಿಸ್ತೀವಿ’. ಸಂದರ್ಶನ ಮುಗಿಸಿ ಎದ್ದಾಗ ಈ ಮಾತು ಕೇಳದವರು ನಮ್ಮಲ್ಲಿ ಕಡಿಮೆ. ಆರನೇ ಸೆಮಿಸ್ಟರ್‌ನಲ್ಲಿ ಇಂಟರ್ನ್‌ಶಿಪ್‌ಗೆ ಆಯ್ಕೆ ಮಾಡಿಕೊಳ್ಳಲು ಕಾಲೇಜಿಗೆ ಬಂದಿದ್ದ ಕಂಪನಿಯೊಂದರಿಂದ ನಾನೂ ಕೇಳಿದೆ. ಆಪ್ಟಿಟ್ಯೂಡ್ ಪರೀಕ್ಷೆ, ಗುಂಪು ಚರ್ಚೆ ದಾಟಿ ಟೆಕ್ನಿಕಲ್ ರೌಂಡ್ ತಲುಪಿದ್ದೆ. ನನ್ನ ರೆಸ್ಯೂಮ್ ನೋಡಿದವರು, ‘ಲೈಬ್ರರಿ ಪ್ರಾಜೆಕ್ಟ್ ಮಾಡಿದ್ದೀರಿ. ಪುಸ್ತಕದ ಒಂದೇ ಪ್ರತಿ ಉಳಿದಿದೆ. ಇಬ್ಬರು ಒಂದೇ ಕ್ಷಣದಲ್ಲಿ ಅದನ್ನು ಬುಕ್ ಮಾಡಿದರೆ?’ ಎಂದರು. ನಾನು ತಡವರಿಸಿದೆ. ನಾಲ್ವರ ತಂಡದಲ್ಲಿ ನಾನು ಮಾಡಿದ್ದು ರಿಪೋರ್ಟ್ ಮತ್ತು ಪಿಪಿಟಿ ಮಾತ್ರ.

ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಕಾರಣ ಯಾರೂ ಹೇಳಲಿಲ್ಲ. ಪಿಯುಸಿವರೆಗೆ ಕನ್ನಡದಲ್ಲೇ ಮಾತನಾಡಿ ಬಂದವನು ನಾನು. ಇಂಗ್ಲಿಷ್ ಸರಿಯಿಲ್ಲವೆಂದೇ ಬಿಟ್ಟರು ಅಂದುಕೊಂಡು ಕೆಲವು ವಾರ ಇಂಗ್ಲಿಷ್ ಕಲಿಸುವ ವಿಡಿಯೊ ನೋಡಿದೆ. ಒಂದು ದಿನ ಡಿಬಿಎಂಎಸ್ ನೋಟ್ಸ್ ತಿರುವುವಾಗ ‘ಲಾಕಿಂಗ್’ ಪಾಠ ಕಣ್ಣಿಗೆ ಬಿತ್ತು. ಒಬ್ಬರ ಬುಕಿಂಗ್ ಮುಗಿಯುವವರೆಗೆ ಅದೇ ದಾಖಲೆಯನ್ನು ಇನ್ನೊಬ್ಬರು ಬದಲಿಸದಂತೆ ತಡೆಯುವ ವಿಧಾನ ಅದು. ಅವರು ಕೇಳಿದ್ದು ಇದನ್ನೇ! ಪರೀಕ್ಷೆಯಲ್ಲಿ 10 ಅಂಕಕ್ಕೆ ಬರೆದಿದ್ದ ಉತ್ತರ, ಸಂದರ್ಶನದಲ್ಲಿ ನನಗೆ ಗುರುತೇ ಸಿಗಲಿಲ್ಲ.

ಕಾಲೇಜಿನಲ್ಲಿ ‘ಅನುಭವ ಹಂಚಿಕೆ’ ಕಾರ್ಯಕ್ರಮ ನಡೆಯುತ್ತದೆ. ವೇದಿಕೆ ಹತ್ತುವವರು ಆಯ್ಕೆಯಾದವರು ಮಾತ್ರ. ‘ಆತ್ಮವಿಶ್ವಾಸ ಇರಲಿ, ಬೇಸಿಕ್ಸ್ ಗಟ್ಟಿ ಮಾಡ್ಕೊಳ್ಳಿ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಎಲ್ಲಿ ಎಡವುತ್ತೇವೆ ಎಂಬುದು ಅದರಿಂದ ತಿಳಿಯುವುದಿಲ್ಲ. ಅದನ್ನು ಬಲ್ಲವರು ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂತಿರುತ್ತಾರೆ.

ಒಂದು ರಾತ್ರಿ ಹಾಸ್ಟೆಲ್‌ನಲ್ಲಿ ಅಂಥ ಐದು ಜನ ಸೇರಿದೆವು. ಒಬ್ಬ ಗುಂಪು ಚರ್ಚೆಯಲ್ಲಿ ಯಾರಿಗೂ ಮಾತಾಡಲು ಬಿಟ್ಟಿರಲಿಲ್ಲ. ಇನ್ನೊಬ್ಬ ರಜೆಗೆ ಊರಿಗೆ ಹೋಗಿದ್ದಾಗ ನೆಟ್‌ವರ್ಕ್‌ಗಾಗಿ ತಾರಸಿ ಮೇಲೆ ನಿಂತು ಆನ್‌ಲೈನ್ ಸಂದರ್ಶನ ಕೊಟ್ಟಿದ್ದ. ಮಧ್ಯೆ ಕರೆ ಕಡಿದುಹೋದಾಗ ಯಾರಿಗೆ ಫೋನ್ ಮಾಡಬೇಕೆಂದೇ ಗೊತ್ತಿರಲಿಲ್ಲ. ಮತ್ತೊಬ್ಬ ಪೈಥಾನ್ ಬರುತ್ತದೆಂದು ಬರೆದುಕೊಂಡಿದ್ದ, ಲಿಸ್ಟ್‌ಗೂ ಟ್ಯೂಪಲ್‌ಗೂ ವ್ಯತ್ಯಾಸ ಕೇಳಿದಾಗ ಸುಮ್ಮನಾಗಿದ್ದ. ಅಂದೇ ಒಂದು ನೋಟ್‌ಬುಕ್ ತೆರೆದೆವು. ಏನು ಕೇಳಿದರು, ಎಲ್ಲಿ ನಿಂತೆವು, ಆಮೇಲೆ ಸಿಕ್ಕ ಸರಿ ಉತ್ತರ ಯಾವುದು, ಇಷ್ಟೇ. ಹೆಸರು ಬರೆಯುವಂತಿಲ್ಲ. ಈಗ ಅದು ಜೂನಿಯರ್‌ಗಳ ರೂಮುಗಳಲ್ಲೂ ಸುತ್ತುತ್ತಿದೆ.

ಇಂಥ ನೋಟ್‌ಬುಕ್ಕನ್ನು ಪ್ರತಿ ಕಾಲೇಜಿನ ಪ್ಲೇಸ್‌ಮೆಂಟ್ ಸೆಲ್ ಏಕೆ ಇಡಬಾರದು? ಎಷ್ಟು ಜನಕ್ಕೆ ಕೆಲಸ ಸಿಕ್ಕಿತೆಂದು ಬ್ಯಾನರ್ ಹಾಕುವ ಕಾಲೇಜು, ಸಿಗದವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕೇಳಲಿ. ಕಂಪನಿಗಳಿಗೂ ಒಂದು ವಿನಂತಿ. ಪರೀಕ್ಷೆ ಬರೆದ ನೂರಾರು ಜನರಿಗೆಲ್ಲ ಉತ್ತರಿಸುವುದು ಕಷ್ಟವೆಂದು ಒಪ್ಪುತ್ತೇವೆ. ಆದರೆ ಎದುರು ಕೂರಿಸಿ ಮಾತನಾಡಿದ ಕೆಲವರಿಗೆ ಒಂದು ಸಾಲು ಬರೆಯಬಹುದಲ್ಲವೇ? ‘ಪ್ರಾಜೆಕ್ಟ್ ಬಗ್ಗೆ ಸ್ಪಷ್ಟತೆ ಇಲ್ಲ’ ಎಂದಿದ್ದರೆ ಸಾಕಿತ್ತು, ನಾನು ಅಷ್ಟು ದಿನ ನನ್ನ ಭಾಷೆಯನ್ನು ದೂರುತ್ತಿರಲಿಲ್ಲ.

ಮುಂದಿನ ತಿಂಗಳು ಇನ್ನೊಂದು ಕಂಪನಿ ಬರುತ್ತಿದೆ. ಲೈಬ್ರರಿ ಪ್ರಾಜೆಕ್ಟಿನ ಕೋಡನ್ನು ಈ ಸಲ ಮೊದಲಿಂದ ನಾನೇ ಬರೆಯುತ್ತಿದ್ದೇನೆ. ಆಯ್ಕೆಯಾಗುತ್ತೇನೋ ಇಲ್ಲವೋ, ನೋಟ್‌ಬುಕ್ಕಿನಲ್ಲಿ ಇನ್ನೊಂದು ಪುಟವಂತೂ ತುಂಬುತ್ತದೆ.