ಸೊಸೆಯ ಕೈ ಬಿಟ್ಟಿ ಆಸ್ಪತ್ರೆಯಲ್ಲ



"ಮನೇಲೇ ಇಟ್ಕೊಂಡು ನೋಡ್ಕೋತೀವಿ." ಕೆಜಿಎಫ್‌ನ ಲೈನ್ ಮನೆಗಳಲ್ಲಿ, ಬಂಗಾರಪೇಟೆಯ ಗಲ್ಲಿಗಳಲ್ಲಿ ಗಂಡಸರು ಎದೆಯುಬ್ಬಿಸಿ ಹೇಳುವ ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹೇಳುವವನು ಮಗ, ಮಾಡುವವಳು ಸೊಸೆ. ಹೇಳಿದವನು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾನೆ. ಅವನು ರಾತ್ರಿ ಮರಳುವಷ್ಟರಲ್ಲಿ ಅಪ್ಪನಿಗೆ ಊಟವಾಗಿರುತ್ತದೆ, ಬಟ್ಟೆ ಬದಲಾಗಿರುತ್ತದೆ. ಅದೆಲ್ಲ ತಾನಾಗಿಯೇ ಆಯಿತೇ?

ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಎಷ್ಟೋ ಸಲ ಅದೇ ಸರಿ. ಆದರೆ ನೋಡಿಕೊಳ್ಳಬೇಕಾದ ಹೆಂಗಸನ್ನು ಒಂದು ಮಾತೂ ಕೇಳದೆ ಹಾಗೆ ತೀರ್ಮಾನಿಸಿದರೆ ಅದು ಆರೈಕೆಯಲ್ಲ, ಜೀತ.

ನಮ್ಮೂರಲ್ಲಿ ಈ ಪ್ರಶ್ನೆ ಇನ್ನೂ ಭಾರ. ನೂರಿಪ್ಪತ್ತು ವರ್ಷ ಇಲ್ಲಿ ಕಲ್ಲು ಕೊರೆದು ಚಿನ್ನ ತೆಗೆದರು. ಕಲ್ಲಿನ ದೂಳು ಎದೆಯಲ್ಲಿ ಕೂತರೆ ಬರುವುದು ಸಿಲಿಕೋಸಿಸ್. ಅದನ್ನು ವಾಸಿ ಮಾಡುವ ಔಷಧಿ ಇಲ್ಲ. ದೂಳಿನ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಏದುಸಿರು ಹೆಚ್ಚುತ್ತಲೇ ಹೋಗಬಹುದು. ಕ್ಷಯವೂ ಬೇಗ ಹಿಡಿಯುತ್ತದೆ. 1940ರ ದಶಕದಲ್ಲಿ ಇಲ್ಲಿಯ ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರರಲ್ಲಿ ನಲವತ್ತಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಕಂಡುಬಂದಿತ್ತು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಗಣಿ ಆಸ್ಪತ್ರೆಯ ಆಸರೆಯೂ ಹೋಯಿತು. ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುತ್ತಿದ್ದ ಕೆಲಸ ಎಲ್ಲಿಗೆ ಹೋಯಿತು? ನಮ್ಮ ಲೈನ್ ಮನೆಯ ಒಂದೇ ಕೋಣೆಯೊಳಕ್ಕೆ ಬಂತು. ನರ್ಸಮ್ಮನಿಗೆ ಸಂಬಳವಿತ್ತು, ಶಿಫ್ಟ್ ಇತ್ತು, ರಜೆ ಇತ್ತು. ಸೊಸೆಗೆ ಯಾವುದಿದೆ?

ಈಗ ಮದುವೆ ಮಾತುಕತೆಯಲ್ಲೂ ಇದು ನುಸುಳಿದೆ. "ನಮಗೆ ಒಂದು ರೂಪಾಯಿಯೂ ಬೇಡ, ಹಾಸಿಗೆ ಹಿಡಿದಿರೋ ನಮ್ಮಮ್ಮನ್ನ ನೋಡ್ಕೊಂಡ್ರೆ ಸಾಕು" ಅನ್ನುತ್ತಾರೆ. ಎಂಥ ದೊಡ್ಡ ಮನಸ್ಸು ಎಂದು ಹೆಣ್ಣಿನವರು ಕೈ ಮುಗಿಯುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಹಣ, ಆಸ್ತಿಯನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಹುಡುಗಿಯ ಹತ್ತು ವರ್ಷದ ದುಡಿಮೆಯನ್ನು ಹಿಡಿಯುವುದಿಲ್ಲ. ನನ್ನನ್ನು ಕೇಳಿದರೆ ಇದೂ ವರದಕ್ಷಿಣೆಯೇ, ಕಂತಿನಲ್ಲಿ ಕಟ್ಟುವ ವರದಕ್ಷಿಣೆ. ಕಂತು ತಪ್ಪಿದರೆ ಏನಾಗುತ್ತದೆ? ಗಂಜಿ ತಡವಾಯಿತೆಂದು ಏಟು, ಹಾಸಿಗೆ ಒದ್ದೆಯಾಯಿತೆಂದು ಬೈಗುಳ. ಎರಡು ದಿನ ತವರಿಗೆ ಹೊರಟರೆ "ಮುದುಕೀನ ಸಾಯ್ಸೋಕೆ ಹೊರಟವಳೆ" ಎಂಬ ಮಾತು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ ಏಟು ಮಾತ್ರವಲ್ಲ, ಬೈಗುಳ, ಅವಮಾನ, ಖರ್ಚಿಗೆ ಕೊಡದಿರುವುದು ಕೂಡ ದೌರ್ಜನ್ಯವೇ. ಒಲ್ಲೆ ಎಂದಳೆಂದು ಅವಳನ್ನು ಬೀದಿಗೆ ತಳ್ಳುವಂತಿಲ್ಲ. ಆ ಮನೆಯಲ್ಲಿ ವಾಸಿಸುವ ಹಕ್ಕನ್ನು ಅದೇ ಕಾಯ್ದೆಯ 17ನೇ ಕಲಂ ಅವಳಿಗೆ ಕೊಟ್ಟಿದೆ.

"ಸೊಸೆಯ ಧರ್ಮ" ಎನ್ನುವವರು 2007ರ ಹಿರಿಯ ನಾಗರಿಕರ ಕಾಯ್ದೆಯನ್ನು ಓದಲಿ. ತಂದೆತಾಯಿಯರ ಪೋಷಣೆಯ ಹೊಣೆಯನ್ನು ಅದು ಮಕ್ಕಳು ಮೊಮ್ಮಕ್ಕಳ ಮೇಲೆ ಹೊರಿಸಿದೆ. ಆ ಪಟ್ಟಿಯಲ್ಲಿ ಮಗನಿದ್ದಾನೆ, ಮಗಳಿದ್ದಾಳೆ. ಸೊಸೆಯ ಹೆಸರಿಲ್ಲ!

ಹಾಸಿಗೆ ಹಿಡಿದವರ ಮೇಲೆ ನನಗೆ ಜಗಳವಿಲ್ಲ. ಲಕ್ವ ಹೊಡೆದ ನಮ್ಮತ್ತೆಯನ್ನು ಮೂರು ವರ್ಷ ನೋಡಿಕೊಂಡವಳು ನಾನು. ಅವರೂ ಒಂದು ಕಾಲಕ್ಕೆ ಸೊಸೆಯಾಗಿ ಸವೆದವರೇ. ಮೊದಲ ವರ್ಷ ನನ್ನ ಗಾರ್ಮೆಂಟ್ ಕೆಲಸ ಹೋಯಿತು, ಸೊಂಟ ಹೋಯಿತು, ಸಂಘದ ಉಳಿತಾಯ ಕಟ್ಟುವುದು ನಿಂತಿತು. ಆಗ ಸಂಘದ ನಾಲ್ವರು ಅಕ್ಕಂದಿರು ಮನೆಗೆ ಬಂದು ನಮ್ಮ ಯಜಮಾನರನ್ನೂ ಮೈದುನನನ್ನೂ ಕೂರಿಸಿ ಮಾತಾಡಿದರು. ರಾತ್ರಿ ಹೊರಳಿಸಿ ಮಲಗಿಸುವುದು ಯಜಮಾನರ ಪಾಳಿ, ಭಾನುವಾರವೆಲ್ಲ ಮೈದುನನ ಪಾಳಿ ಎಂದಾಯಿತು. ಅತ್ತೆಯ ಬೆನ್ನಿನ ಹುಣ್ಣು ಮಾಗಿದ್ದು ಆಮೇಲೆಯೇ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎನ್ನುತ್ತಾರೆ ಡಾಕ್ಟರು. ಹಗಲೂ ರಾತ್ರಿ ಇದು ಒಬ್ಬಳ ಕೈಲಾಗುವ ಕೆಲಸವೇ? "ಆಳು ಇಡೋಕೆ ದುಡ್ಡೆಲ್ಲಿ" ಎನ್ನುವ ಗಂಡಸರಿಗೆ ಒಂದೇ ಮಾತು: ದುಡ್ಡಿಲ್ಲದಿರಬಹುದು, ಎರಡು ಕೈಗಳಿವೆಯಲ್ಲ! ಹೆತ್ತ ತಂದೆಯ ಮೈ ಒರೆಸಲು ಹೆಣ್ಣಾಗಿಯೇ ಹುಟ್ಟಬೇಕೇ?

ಹಾಗಾದರೆ ಮನೆ ಆರೈಕೆ ಯಾವಾಗ ಸರಿ? ರೋಗಿಗೆ ಮನೆಯೇ ಬೇಕೆನಿಸಿರಬೇಕು. ಮನೆಯಲ್ಲಿ ಇಟ್ಟುಕೊಳ್ಳಬಹುದೆಂದು ಡಾಕ್ಟರು ಹೇಳಿರಬೇಕು. ಹೊರಳಿಸುವುದು, ಹುಣ್ಣು ತೊಳೆಯುವುದು, ಮಾತ್ರೆಯ ಹೊತ್ತು, ಎಲ್ಲವನ್ನೂ ನೋಡಿಕೊಳ್ಳುವವರಿಗೆ ಕಲಿಸಿ ಕಳುಹಿಸಬೇಕು. ಆಮ್ಲಜನಕ ಕೊಟ್ಟಿದ್ದರೆ ಒಲೆ, ಬೀಡಿ ಹತ್ತಿರ ಸುಳಿಯದಷ್ಟು ಜಾಗವಿರಬೇಕು, ಕರೆಂಟು ಹೋದರೆ ಏನು ಮಾಡಬೇಕೆಂದು ಗೊತ್ತಿರಬೇಕು. ಇವೆಲ್ಲಕ್ಕಿಂತ ಮೊದಲು, ನೋಡಿಕೊಳ್ಳುವವಳು ಹೆದರಿಕೆಯಿಲ್ಲದೆ ಹೂಂ ಎಂದಿರಬೇಕು, ಮುಂದೊಂದು ದಿನ ಆಗುವುದಿಲ್ಲ ಎನ್ನುವ ಹಕ್ಕೂ ಅವಳಿಗಿರಬೇಕು. ತುಟಿ ನೀಲಿಗಟ್ಟಿದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಮಾತು ತಪ್ಪಿದರೆ ಮನೆಯಲ್ಲಿಟ್ಟುಕೊಂಡು ಕಾಯಬೇಡಿ. ಅದು ಆಸ್ಪತ್ರೆಯ ಕೆಲಸ. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ.

ಸರ್ಕಾರವೂ ನುಣುಚಿಕೊಳ್ಳುವಂತಿಲ್ಲ. 2024ರಲ್ಲಿ ಗೃಹ ಆರೋಗ್ಯ ಯೋಜನೆ ನಮ್ಮ ಕೋಲಾರ ಜಿಲ್ಲೆಯಲ್ಲೇ ಶುರುವಾಯಿತು. ಸಕ್ಕರೆ ಕಾಯಿಲೆ, ಬಿಪಿ ನೋಡಲು ಮನೆಬಾಗಿಲಿಗೆ ಬರುವವರು ಒಳಗೆ ಹಾಸಿಗೆ ಹಿಡಿದವರನ್ನೂ ನೋಡಲಿ. ಅವರ ಪಕ್ಕ ಕೂತವಳ ಸೊಂಟ ಹೇಗಿದೆ ಎಂದೂ ಕೇಳಲಿ.

ಮುಂದಿನ ಸಭೆಯಲ್ಲಿ ಸಾಲ, ಕಂತಿನ ಲೆಕ್ಕ ಮುಗಿದ ಮೇಲೆ ಇನ್ನೊಂದು ಲೆಕ್ಕ ತೆಗೆಯಿರಿ. ನಮ್ಮಲ್ಲಿ ಯಾರ ಮನೆಯಲ್ಲಿ ರೋಗಿ ಇದ್ದಾರೆ? ಯಾರು ನೋಡಿಕೊಳ್ಳುತ್ತಿದ್ದಾರೆ? ಅವಳಿಗೆ ವಾರಕ್ಕೊಂದು ದಿನ ಬಿಡುವುಂಟೇ? ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಬಿಡುವಿಲ್ಲದ ಮನೆಗೆ ನಾಲ್ಕು ಜನ ಹೋಗಿ, ಅವಳ ಗಂಡನನ್ನು ಕೂರಿಸಿ ಕೇಳಿ: "ಯಾವ ದಿನ ನಿನ್ನ ಪಾಳಿ?"